ಹೊಲದಲ್ಲಿ ತಂತಿ ಎಳೆದು ಹೋದರು: ಚಿನ್ನ, ತಾಮ್ರದ ಹುಡುಕಾಟದ ಬಗ್ಗೆ ಓದುಗರ ಪ್ರಶ್ನೆಗಳು

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ರಾಯಚೂರು, ಕೊಪ್ಪಳ, ಬಳ್ಳಾರಿ ಜಿಲ್ಲೆಗಳವು, ವಿಷಯವೂ ಬಹುತೇಕ ಒಂದೇ. ಚಿನ್ನದ ಬೆಲೆ ಏರಿದಂತೆಲ್ಲ ನಮ್ಮ ಕಡೆ ನೆಲ ನೋಡುವವರ ಓಡಾಟ ಹೆಚ್ಚುತ್ತದೆ, ಅದರ ಬೆನ್ನಿಗೇ ಗಾಳಿಮಾತು ಹಬ್ಬುತ್ತದೆ. ನಾನು ನೌಕರಿಯ ಕಾಲವನ್ನೆಲ್ಲ ನೆಲ ಅಗೆಯದೆ ಯಂತ್ರಗಳಿಂದಲೇ ಒಳಗಿನ ಕಲ್ಲನ್ನು ಅಳೆಯುವ ಭೂಭೌತ ಸಮೀಕ್ಷೆಯ ತಂಡಗಳ ಜೊತೆ ಎರೆ ಹೊಲ, ಮಸಾರಿ ಗುಡ್ಡ ಸುತ್ತುತ್ತ ಕಳೆದವನು. ನಿವೃತ್ತಿಯಾದ ಮೇಲೆ ಲಿಂಗಸುಗೂರಿನಲ್ಲಿದ್ದೇನೆ. ಕೆಲವು ಪತ್ರಗಳಲ್ಲಿ ಜಮೀನಿನ ವ್ಯವಹಾರದ ಮಾತಿರುವುದರಿಂದ ಕೇಳಿದವರ ಹೆಸರು ಬಿಟ್ಟು ಊರಿನ ಕಡೆ ಮಾತ್ರ ಹೇಳಿದ್ದೇನೆ.

ಲಿಂಗಸುಗೂರು ತಾಲ್ಲೂಕಿನ ರೈತರೊಬ್ಬರು: ಸರ, ನಮಸ್ಕಾರ. ತೊಗರಿ ಕೊಯ್ದಮ್ಯಾಲ ನಮ್ಮ ಹೊಲದಾಗ ಏಳೆಂಟು ಮಂದಿ ಬಂದು ಉದ್ದಕ ತಂತಿ ಎಳೆದ್ರು. ಕಬ್ಬಿಣದ ಸಲಾಕಿ ಬಡಿದು ಉಪ್ಪಿನ ನೀರು ಸುರುವಿದ್ರು. ನಡುನಡುವ ಸಣ್ಣ ಗಡಗಿ ಇಟ್ರು, ಅದರಾಗ ನೀಲಿ ನೀರು. ಜನರೇಟರ್ ಹಚ್ಚಿ ಎರಡು ದಿನ ಏನೇನೋ ಬರಕೊಂಡ್ರು. ಚಿನ್ನ ಐತೇನ್ರಿ ಅಂದ್ರ ನಕ್ಕು ಸುಮ್ಮನಾದ್ರು. ಈಗ ಒಬ್ಬ ದಲ್ಲಾಳಿ ಬಂದು, ನಡೀತಿರೋ ರೇಟಿಗಿಂತ ಜಾಸ್ತಿ ಕೊಡ್ತೀನಿ, ಹೊಲ ಬರಕೊಡು ಅಂತಾನ. ಕೊಡಬೇಕೋ ಬ್ಯಾಡೋ? ನೆಲದಾಗ ಏನೈತಿ?

ಕೊನೆಯ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ. ನಿಮ್ಮ ನೆಲದಲ್ಲಿ ಚಿನ್ನ ಇದೆಯೋ ಇಲ್ಲವೋ ಎಂಬುದು ಆ ಎರಡು ದಿನದ ಕೆಲಸದಿಂದ ಅವರಿಗೂ ಗೊತ್ತಾಗಿಲ್ಲ. ಗೊತ್ತಾಗುವುದು ಸಾಧ್ಯವೂ ಇಲ್ಲ. ನಕ್ಕು ಸುಮ್ಮನಾದದ್ದು ಗುಟ್ಟು ಮುಚ್ಚಿಡಲು ಎಂದು ತಿಳಿಯಬೇಡಿ, ಹೇಳಲು ಅವರ ಬಳಿ ಉತ್ತರವೇ ಇರಲಿಲ್ಲ.

ಯಾಕೆ ಎಂದು ಬಿಡಿಸಿ ಹೇಳುತ್ತೇನೆ. ಗಣಿಗೆ ಯೋಗ್ಯವಾದ ಅದಿರಿನಲ್ಲಿ ಒಂದು ಟನ್ ಕಲ್ಲಿಗೆ ಚಿನ್ನ ಕೆಲವೇ ಗ್ರಾಂ ಇರುತ್ತದೆ. ಮೂರು ಗ್ರಾಂ ಎಂದು ಹಿಡಿಯಿರಿ. ಒಂದು ಟನ್ ಕರಿಕಲ್ಲು ಎಂದರೆ ಉದ್ದ, ಅಗಲ, ಎತ್ತರ ಮೂರೂ ಎರಡೂಕಾಲು ಅಡಿಯಷ್ಟಿರುವ ದಿಮ್ಮಿ. ಅದರೊಳಗಿನ ಚಿನ್ನವನ್ನೆಲ್ಲ ಒಟ್ಟುಗೂಡಿಸಿದರೆ ಒಂದು ಕಡಲೆಕಾಳಿನ ಗಾತ್ರ ಆಗುತ್ತದೆ. ಆ ಒಂದು ಕಾಳೂ ಕಣ್ಣಿಗೆ ಕಾಣದಷ್ಟು ಸಣ್ಣ ಕಣಗಳಾಗಿ ದಿಮ್ಮಿಯ ತುಂಬ ಚದುರಿರುತ್ತದೆ. ಅಂಥ ದಿಮ್ಮಿ ನೂರಾರು ಅಡಿ ಆಳದಲ್ಲಿ ಹುದುಗಿರುವಾಗ, ಮೇಲೆ ನಿಂತು ಅದರೊಳಗಿನ ಚಿನ್ನವನ್ನೇ ಗುರುತಿಸುವ ಯಂತ್ರ ಜಗತ್ತಿನಲ್ಲಿ ಎಲ್ಲಿಯೂ ಇಲ್ಲ.

ಹಾಗಾದರೆ ಅವರು ಹುಡುಕಿದ್ದೇನು? ಚಿನ್ನದ ಜೊತೆಗಾರರನ್ನು. ನಿಮ್ಮ ತಾಲ್ಲೂಕಿನ ಹಟ್ಟಿ ಚಿನ್ನದ ಗಣಿಯ ಸೀಮೆಯಲ್ಲಿ ಚಿನ್ನವಿರುವುದು ಬೆಣಚುಕಲ್ಲಿನ ಎಳೆಗಳಲ್ಲಿ ಮತ್ತು ಅದರ ಅಕ್ಕಪಕ್ಕದ ಕರಿಶಿಲೆಯಲ್ಲಿ. ಗಣಿಯವರು ಈ ಎಳೆಗೆ ರೀಫ್ ಎನ್ನುತ್ತಾರೆ. ಅಲ್ಲಿ ಚಿನ್ನದ ಜೊತೆ ಪೈರೈಟ್, ಪಿರೊಟೈಟ್, ಆರ್ಸೆನೋಪೈರೈಟ್ ಎಂಬ ಗಂಧಕದ ಖನಿಜಗಳಿರುತ್ತವೆ. ಇವು ಚಿನ್ನಕ್ಕಿಂತ ಸಾವಿರಾರು ಪಟ್ಟು ಹೆಚ್ಚಿರುವುದರಿಂದ ವಿದ್ಯುತ್ತಿಗೆ ಸಿಕ್ಕಿಬೀಳುತ್ತವೆ.

ನಿಮ್ಮ ಹೊಲದಲ್ಲಿ ನಡೆದದ್ದು ಐಪಿ, ಅಂದರೆ ಇಂಡ್ಯೂಸ್ಡ್ ಪೋಲರೈಸೇಷನ್ ಎಂಬ ಸರ್ವೆ. ಸಲಾಕೆಗಳ ಮೂಲಕ ನೆಲಕ್ಕೆ ಎರಡು ಸೆಕೆಂಡು ಕರೆಂಟು ಬಿಡುತ್ತಾರೆ, ಎರಡು ಸೆಕೆಂಡು ನಿಲ್ಲಿಸುತ್ತಾರೆ, ಮತ್ತೆ ದಿಕ್ಕು ಬದಲಿಸಿ ಬಿಡುತ್ತಾರೆ. ಮಾಮೂಲಿ ಕಲ್ಲಾದರೆ ಕರೆಂಟು ನಿಂತ ಕ್ಷಣಕ್ಕೆ ನೆಲದ ವೋಲ್ಟೇಜೂ ಬಿದ್ದುಹೋಗುತ್ತದೆ. ಗಂಧಕದ ಖನಿಜ ಚದುರಿರುವ ಕಲ್ಲಿನಲ್ಲಿ ಹಾಗಾಗುವುದಿಲ್ಲ. ಕಲ್ಲಿನ ಸಂದಿಯ ನೀರಿನಲ್ಲಿ ವಿದ್ಯುತ್ತನ್ನು ಹೊರುವುದು ಲವಣದ ಅಯಾನುಗಳು, ಖನಿಜದ ಕಣದೊಳಗೆ ಹೊರುವುದು ಎಲೆಕ್ಟ್ರಾನುಗಳು. ಎರಡೂ ಸೇರುವ ಕಣದ ಮೈಮೇಲೆ ಅಯಾನುಗಳು ಬಂದು ಜಮಾಯಿಸುತ್ತವೆ. ಕರೆಂಟು ನಿಂತ ಮೇಲೆ ಅವು ಚದುರಲು ಸ್ವಲ್ಪ ಹೊತ್ತು ಹಿಡಿಯುತ್ತದೆ, ಅಷ್ಟು ಹೊತ್ತು ವೋಲ್ಟೇಜು ನಿಧಾನವಾಗಿ ಇಳಿಯುತ್ತದೆ. ಆ ಇಳಿತವನ್ನು ಒಂದು ವೋಲ್ಟಿಗೆ ಎಷ್ಟು ಮಿಲಿವೋಲ್ಟ್ ಎಂದು ಅಳೆದು ಬರೆದುಕೊಳ್ಳುತ್ತಾರೆ. ಕರೆಂಟು ಬಿಡುವ ಸಲಾಕೆಗಳ ನಡುವಿನ ಅಂತರ ಹೆಚ್ಚಿಸಿದಂತೆ ಇನ್ನೂ ಆಳದ ಸುದ್ದಿ ಬರುತ್ತದೆ. ಉದ್ದಕ್ಕೆ ತಂತಿ ಎಳೆದದ್ದು ಅದಕ್ಕೇ.

ಗಡಿಗೆಯಲ್ಲಿದ್ದ ನೀಲಿ ನೀರು ನಿಮಗೆ ಗೊತ್ತಿರುವುದೇ, ದಾಳಿಂಬೆಗೆ ಸುಣ್ಣದ ಜೊತೆ ಕಲಸಿ ಹೊಡೆಯುವ ಮೈಲುತುತ್ತ. ಅಳೆಯುವ ಜಾಗದಲ್ಲಿ ಬರಿ ಕಬ್ಬಿಣದ ಸಲಾಕೆ ಇಟ್ಟರೆ ಅದರ ಮೈಮೇಲೂ ಅಯಾನು ಜಮಾಯಿಸಿ ಅಳತೆ ಕೆಡುತ್ತದೆ. ಮೈಲುತುತ್ತದ ದ್ರಾವಣದಲ್ಲಿ ತಾಮ್ರದ ಕಡ್ಡಿ ಅದ್ದಿ, ನೀರು ಜಿನುಗುವ ಗಡಿಗೆಯಲ್ಲಿಟ್ಟರೆ ಆ ತೊಂದರೆ ಇಲ್ಲ. ಉಪ್ಪಿನ ನೀರು ಸುರಿದದ್ದು ಒಣ ಮಣ್ಣಿನಲ್ಲಿ ಕರೆಂಟು ಸಲೀಸಾಗಿ ಇಳಿಯಲಿ ಎಂದು. ಅಷ್ಟು ಉಪ್ಪಿನಿಂದ ಬೆಳೆಗೆ ಕೇಡಿಲ್ಲ. ಆದರೆ ಒಂದು ಎಚ್ಚರಿಕೆ: ಆ ತಂತಿಯಲ್ಲಿ ನೂರಾರು ವೋಲ್ಟ್ ಹರಿಯುತ್ತಿರುತ್ತದೆ. ಮುಂದೆ ಯಾರಾದರೂ ಬಂದು ಎಳೆದರೆ ದನ, ಕುರಿ, ಮಕ್ಕಳನ್ನು ಸಲಾಕೆಯ ಹತ್ತಿರ ಬಿಡಬೇಡಿ. ಕಾವಲಿಗೆ ಜನ ನಿಲ್ಲಿಸಿ ಎಂದು ತಂಡದವರನ್ನು ಕೇಳುವ ಹಕ್ಕು ನಿಮಗಿದೆ.

ಐಪಿಯಲ್ಲಿ ಒಳ್ಳೆಯ ಸುದ್ದಿ ಬಂದರೂ ಅದು ಚಿನ್ನವೇ ಎಂದಾಗುವುದಿಲ್ಲ. ಚಿನ್ನವೇ ಇಲ್ಲದ ಬರಿ ಪೈರೈಟ್ ಸಹ ಅದೇ ಸುದ್ದಿ ಕೊಡುತ್ತದೆ. ಗ್ರಾಫೈಟ್ ಇನ್ನೂ ಜೋರಾಗಿ ಕೊಡುತ್ತದೆ. ಕೆಲವು ಜೇಡಿಮಣ್ಣು, ಹೂತಿಟ್ಟ ಪೈಪು, ತಂತಿಬೇಲಿ ಇವೂ ಅಳತೆಯೊಳಗೆ ತಲೆಹಾಕುತ್ತವೆ. ನಮ್ಮ ಎರೆ ಮಣ್ಣಿನದು ಬೇರೆಯೇ ಪಾಡು. ಅದು ಕರೆಂಟನ್ನು ಬಹಳ ಸುಲಭವಾಗಿ ಒಯ್ಯುವುದರಿಂದ ಹೆಚ್ಚಿನ ಪಾಲು ಮೇಲ್ಮಣ್ಣಿನಲ್ಲೇ ಹರಿದು ಕೆಳಗಿನ ಕಲ್ಲಿಗೆ ತಲುಪುವುದೇ ಕಡಿಮೆ. ಮಸಾರಿ ಹೊಲದಲ್ಲಿ ಒಂದು ದಿನದಲ್ಲಿ ಮುಗಿಯುವ ಕೆಲಸ ದಪ್ಪ ಎರೆಯಲ್ಲಿ ಎಳೆದಾಡುತ್ತದೆ.

ಇದಾದ ಮೇಲೆ ಮಣ್ಣು, ಕಲ್ಲಿನ ಮಾದರಿ ತೆಗೆಯುತ್ತಾರೆ. ಎಲ್ಲವೂ ಒಂದೇ ಜಾಗದತ್ತ ಬೆರಳು ತೋರಿದರೆ ಮಾತ್ರ ಡ್ರಿಲ್ಲಿಂಗ್ ಯಂತ್ರ ಬರುತ್ತದೆ. ವಜ್ರದ ಬಿಟ್ಟು ಕಟ್ಟಿದ ಕೊಳವೆ ಓರೆಯಾಗಿ ಇಳಿದು ಕಲ್ಲನ್ನು ದುಂಡನೆಯ ಕಂಬಿಯಂತೆ ಕೊರೆದು ತರುತ್ತದೆ, ಅದನ್ನು ಕೋರ್ ಎನ್ನುತ್ತಾರೆ. ಆ ಕೋರನ್ನು ಉದ್ದಕ್ಕೆ ಎರಡಾಗಿ ಸೀಳಿ, ಅರ್ಧವನ್ನು ಪೆಟ್ಟಿಗೆಯಲ್ಲಿ ಜೋಪಾನ ಮಾಡಿ, ಇನ್ನರ್ಧವನ್ನು ಪುಡಿಮಾಡಿ ಪ್ರಯೋಗಾಲಯದ ಕುಲುಮೆಯಲ್ಲಿ ಕರಗಿಸಿ ಚಿನ್ನ ಅಳೆಯುತ್ತಾರೆ. ಚಿನ್ನ ಇದೆ ಎಂಬ ಮಾತು ಹುಟ್ಟುವುದು ಅಲ್ಲಿ, ಅದಕ್ಕೆ ಮೊದಲಲ್ಲ. ತಂತಿ ಎಳೆದ ನೂರು ಜಾಗದಲ್ಲಿ ಬಹುಪಾಲು ಕಡೆ ಕೆಲಸ ಡ್ರಿಲ್ಲಿಂಗಿನವರೆಗೂ ಬರುವುದಿಲ್ಲ. ಡ್ರಿಲ್ಲಿಂಗ್ ಆದವುಗಳಲ್ಲೂ ಗಣಿಯಾಗುವುದು ಅಪರೂಪ.

ಈಗ ದಲ್ಲಾಳಿಯ ಮಾತು. ತಂಡಕ್ಕೇ ಗೊತ್ತಿಲ್ಲದ್ದು ಅವರಿಗೆ ಗೊತ್ತಿರಲಾರದು. ಚಿನ್ನದ ಆಸೆ ತೋರಿಸಿ ನಿಮ್ಮಿಂದ ಕೊಂಡು, ಅದೇ ಆಸೆಯನ್ನು ಇನ್ನೊಬ್ಬರಿಗೆ ಇನ್ನೂ ಹೆಚ್ಚಿಗೆ ಮಾರುವುದು ಈ ವ್ಯಾಪಾರದ ರೀತಿ ಎಂದು ನಾನು ಬಹಳ ಊರುಗಳಲ್ಲಿ ನೋಡಿದ್ದೇನೆ. ಮಗಳ ಮದುವೆ, ಸಾಲ, ನೀರು, ದುಡಿಮೆ ಇವುಗಳ ಲೆಕ್ಕದ ಮೇಲೆ ಹೊಲ ಇಟ್ಟುಕೊಳ್ಳಬೇಕೋ ಕೊಡಬೇಕೋ ನಿರ್ಧರಿಸಿ. ಮುಂಗಡ ತೆಗೆದುಕೊಂಡು ಕರಾರಿಗೆ ಸಹಿ ಮಾಡುವ ಮೊದಲು ತಹಶೀಲ್ದಾರರ ಕಚೇರಿಗೂ ರಾಯಚೂರಿನ ಗಣಿ ಮತ್ತು ಭೂವಿಜ್ಞಾನ ಇಲಾಖೆಗೂ ಒಮ್ಮೆ ಹೋಗಿ, ನಿಮ್ಮ ಸರ್ವೆ ನಂಬರ್ ಖನಿಜ ಹುಡುಕಾಟಕ್ಕೆ ಗುರುತಿಸಿದ ಯಾವುದಾದರೂ ಬ್ಲಾಕಿನಲ್ಲಿದೆಯೇ ಎಂದು ಕೇಳಿ.

ಮಸ್ಕಿಯ ಶಾಲಾ ಶಿಕ್ಷಕರೊಬ್ಬರು: ಅಶೋಕನ ಶಾಸನ ತೋರಿಸಲು ಮಕ್ಕಳನ್ನು ಕರೆದೊಯ್ದಾಗ ಒಬ್ಬ ಹುಡುಗ, "ಯಂತ್ರ ಇಲ್ಲದ ಕಾಲದಾಗ ಚಿನ್ನ ಹೆಂಗ ಹುಡುಕತಿದ್ರು ಸರ" ಎಂದು ಕೇಳಿದ. ಏನು ಹೇಳಲಿ?

ಮೇಷ್ಟ್ರೇ, ಆ ಹುಡುಗ ಅದನ್ನು ಕೇಳಲು ಅದಕ್ಕಿಂತ ಒಳ್ಳೆಯ ಜಾಗ ಇರಲಿಲ್ಲ. ಮಸ್ಕಿಯ ಶಾಸನವನ್ನು 1915ರಲ್ಲಿ ಹೊರಜಗತ್ತಿಗೆ ತೋರಿಸಿದ ಸಿ. ಬೀಡನ್ ಒಬ್ಬ ಚಿನ್ನದ ಗಣಿ ಎಂಜಿನಿಯರ್. ಚಿನ್ನ ಹುಡುಕಲು ಬಂದವರ ಕಣ್ಣಿಗೆ ಬಂಡೆಯ ಮೇಲಿನ ಅಕ್ಷರ ಬಿತ್ತು. ಅಲ್ಲಿಯವರೆಗೆ ಸಿಕ್ಕ ಶಾಸನಗಳಲ್ಲೆಲ್ಲ ದೇವಾನಾಂಪಿಯ, ಪಿಯದಸಿ ಎಂಬ ಬಿರುದುಗಳಷ್ಟೇ ಇದ್ದವು. ಅಶೋಕ ಎಂಬ ಹೆಸರು ಮೊದಲು ಓದಿದ್ದು ನಿಮ್ಮೂರ ಬಂಡೆಯಲ್ಲಿ. ಮುಂದೆ ಬಳ್ಳಾರಿ ಜಿಲ್ಲೆಯ ನಿಟ್ಟೂರು, ಉಡೇಗೋಳಗಳಲ್ಲೂ ಆ ಹೆಸರು ಸಿಕ್ಕಿತು. ಮೌರ್ಯರ ದಕ್ಷಿಣದ ಆಡಳಿತ ಸುವರ್ಣಗಿರಿಯಿಂದ ನಡೆಯುತ್ತಿತ್ತು ಎಂದು ಬ್ರಹ್ಮಗಿರಿಯ ಶಾಸನ ಹೇಳುತ್ತದೆ. ಅದು ಮಸ್ಕಿಯೋ, ಕೊಪ್ಪಳ ಜಿಲ್ಲೆಯ ಕನಕಗಿರಿಯೋ, ಆಂಧ್ರದ ಜೊನ್ನಗಿರಿಯೋ ಎಂದು ವಿದ್ವಾಂಸರ ಚರ್ಚೆ ಮುಗಿದಿಲ್ಲ. ಮೂರೂ ಚಿನ್ನದ ಸೀಮೆಗೆ ಹತ್ತಿರದವೇ ಆದ್ದರಿಂದ, ಪಾಟಲಿಪುತ್ರದ ಅರಸನಿಗೆ ಇಷ್ಟು ದೂರದ ನೆಲದ ಮೇಲೆ ಅಷ್ಟು ಆಸಕ್ತಿ ಯಾಕಿತ್ತು ಎಂಬುದಕ್ಕೆ ಚಿನ್ನವೂ ಒಂದು ಕಾರಣ ಎಂದು ನನಗೆ ಅನ್ನಿಸುತ್ತದೆ.

ಹುಡುಗನ ಪ್ರಶ್ನೆಗೆ ಉತ್ತರ ಹಟ್ಟಿಯಲ್ಲಿದೆ. ಅಲ್ಲಿನ ಪ್ರಾಚೀನ ಗಣಿಗುಂಡಿ ಸುಮಾರು 640 ಅಡಿ ಆಳಕ್ಕೆ ಇಳಿದಿತ್ತು. ಒಳಗೆ ಸಿಕ್ಕ ಮರದ ತುಂಡಿನ ಕಾಲವನ್ನು ಇಂಗಾಲದ ವಿಧಾನದಿಂದ ನೋಡಿದಾಗ ಸುಮಾರು ಎರಡು ಸಾವಿರ ವರ್ಷ ಹಿಂದಿನದು ಎಂದು ತಿಳಿಯಿತು. ಪಂಪಿಲ್ಲ, ಸಿಡಿಮದ್ದಿಲ್ಲ. ಕಲ್ಲಿನ ಮೈಗೆ ಸೌದೆ ಒಟ್ಟಿ ಬೆಂಕಿ ಹಾಕಿ, ಕಾದ ಕಲ್ಲಿಗೆ ನೀರು ಎರಚಿ, ಬಿರಿದ ಕಲ್ಲನ್ನು ಕಿತ್ತು ತೆಗೆಯುತ್ತಿದ್ದರು. ಆ ಹೊಗೆಯಲ್ಲಿ, ಆ ಆಳದಲ್ಲಿ ದುಡಿದವರ ಹೆಸರು ಯಾವ ಬಂಡೆಯ ಮೇಲೂ ಇಲ್ಲ. ಮಕ್ಕಳಿಗೆ ಇದನ್ನು ಖಂಡಿತ ಹೇಳಿ.

ಹುಡುಕುವ ದಾರಿ ಇದು: ಮಳೆ ಬಿದ್ದ ಮೇಲೆ ಹಳ್ಳದ ಮರಳನ್ನು ಮರಿಗೆಯಲ್ಲಿ ತೊಳೆಯುವುದು. ಚಿನ್ನ ನೀರಿಗಿಂತ 19 ಪಟ್ಟು ಭಾರ, ಮರಳು ಎರಡೂವರೆ ಪಟ್ಟು ಮಾತ್ರ, ಹಾಗಾಗಿ ಮರಳು ಹರಿದುಹೋಗಿ ಚಿನ್ನ ತಳದಲ್ಲಿ ನಿಲ್ಲುತ್ತದೆ. ಕಣ ಸಿಕ್ಕ ಹಳ್ಳವನ್ನು ಹಿಡಿದು ಮೇಲಕ್ಕೆ ನಡೆಯುವುದು. ಕಣ ಸಿಗುವುದು ಎಲ್ಲಿ ನಿಂತಿತೋ ಅಲ್ಲಿಂದ ದಡ ಹತ್ತಿ, ತುಕ್ಕಿನ ಬಣ್ಣ ಹಿಡಿದ ಬೆಣಚುಕಲ್ಲು ನೋಡುವುದು. ಆ ತುಕ್ಕು ಗಂಧಕದ ಖನಿಜ ಕೊಳೆತು ಉಳಿದದ್ದು. ಅಂದರೆ ನಾವು ಇಂದು ಕರೆಂಟು ಬಿಟ್ಟು ಹುಡುಕುವ ಅದೇ ಜೊತೆಗಾರರನ್ನು ಅವರು ಕಣ್ಣಿನಿಂದ ಗುರುತಿಸುತ್ತಿದ್ದರು. ಹತ್ತೊಂಬತ್ತನೇ ಶತಮಾನದ ಕೊನೆಗೆ ಬಂದ ಕಂಪನಿಗಳು ಕೋಲಾರದಲ್ಲೂ ಹಟ್ಟಿಯಲ್ಲೂ ಗಣಿ ತೆರೆದದ್ದು ಈ ಹಳೆಯ ಗುಂಡಿಗಳ ಜಾಡು ಹಿಡಿದೇ. ಕೋಲಾರ 2001ರಲ್ಲಿ ಮುಚ್ಚಿತು. ಹಟ್ಟಿಯ ಈಗಿನ ಕಂಪನಿ 1947ರಲ್ಲಿ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿ ಶುರುವಾದದ್ದು, ಇಂದಿಗೂ ನಡೆಯುತ್ತಿದೆ.

ಯಂತ್ರ ಬೇಕಾದದ್ದು ಇದರ ಆಚೆಗೆ. ಮೇಲೆ ಕಾಣುವ ಎಳೆಯನ್ನೆಲ್ಲ ಹಿಂದಿನವರು ನೋಡಿ ಮುಗಿಸಿದ್ದಾರೆ. ಎರೆ ಮಣ್ಣಿನ ಅಡಿಯಲ್ಲಿ ಮುಚ್ಚಿಹೋದದ್ದು ಉಳಿದಿದೆ.

ಕೊಪ್ಪಳದ ಬಿ.ಎಸ್ಸಿ. ವಿದ್ಯಾರ್ಥಿನಿ: ಸರ್, ಮ್ಯಾಗ್ನೆಟೋಮೀಟರ್‌ನಿಂದ ಚಿನ್ನ ಹುಡುಕುತ್ತಾರೆ ಎಂದು ಓದಿದೆ. ಚಿನ್ನಕ್ಕೆ ಕಾಂತಗುಣವೇ ಇಲ್ಲವಲ್ಲ? ಈ ವಿಷಯ ಮುಂದೆ ಓದಬೇಕೆಂದರೆ ಎಲ್ಲಿಗೆ ಹೋಗಬೇಕು?

ತಂಗಿ, ನಿನ್ನ ಅನುಮಾನ ಸರಿಯಾಗಿದೆ. ಮ್ಯಾಗ್ನೆಟೋಮೀಟರ್ ಎಂದರೆ ಕಾಂತಕ್ಷೇತ್ರ ಅಳೆಯುವ ಯಂತ್ರ, ಅದು ಹುಡುಕುವುದು ಚಿನ್ನವನ್ನಲ್ಲ, ಚಿನ್ನ ಬಂದು ಕೂತಿರಬಹುದಾದ ಜಾಗವನ್ನು. ಮ್ಯಾಗ್ನೆಟೈಟ್, ಪಿರೊಟೈಟ್ ಎಂಬ ಕಾಂತಗುಣದ ಖನಿಜ ಇರುವ ಕಲ್ಲು, ಬಿರುಕಿನಲ್ಲಿ ಗೋಡೆಯಂತೆ ನಿಂತ ಡೈಕ್ ಶಿಲೆಗಳು, ಕಬ್ಬಿಣದ ಪಟ್ಟಿಶಿಲೆ ಇವೆಲ್ಲ ಅದರಲ್ಲಿ ಕಾಣುತ್ತವೆ. ಒಂದು ಪಟ್ಟಿ ಸೀದಾ ಬಂದು ಥಟ್ಟನೆ ಮುರಿದು ಪಕ್ಕಕ್ಕೆ ಸರಿದಿದ್ದರೆ ಅಲ್ಲೊಂದು ಬಿರುಕು ಹಾದುಹೋಗಿದೆ ಎಂದರ್ಥ. 250 ಕೋಟಿ ವರ್ಷಕ್ಕೂ ಹಿಂದೆ ಚಿನ್ನ ಕರಗಿದ್ದ ಬಿಸಿನೀರು ಮೇಲೆ ಬಂದದ್ದು ಅಂಥ ಬಿರುಕುಗಳ ಹಾದಿಯಲ್ಲಿ.

ಪ್ರೋಟಾನ್ ಮ್ಯಾಗ್ನೆಟೋಮೀಟರಿನ ತಲೆಯೊಳಗೆ ಇರುವುದು ಸೀಮೆಎಣ್ಣೆಯಂಥ ದ್ರವ. ಅದರ ಹೈಡ್ರೋಜನ್ ಪ್ರೋಟಾನುಗಳನ್ನು ಸುರುಳಿಯ ಕರೆಂಟಿನಿಂದ ಒಂದು ದಿಕ್ಕಿಗೆ ತಿರುಗಿಸಿ ಬಿಟ್ಟುಬಿಟ್ಟರೆ ಅವು ಭೂಮಿಯ ಕಾಂತಕ್ಷೇತ್ರದ ಸುತ್ತ ವಾಲಾಡುತ್ತವೆ. ನಮ್ಮ ಭಾಗದ ಕ್ಷೇತ್ರ 40 ಸಾವಿರ ನ್ಯಾನೋಟೆಸ್ಲಾಕ್ಕೆ ಸ್ವಲ್ಪ ಮೇಲೆ, ಆದ್ದರಿಂದ ಆ ವಾಲಾಟ ಸೆಕೆಂಡಿಗೆ 1,700ರಿಂದ 1,800 ಸಲ. ಆ ಎಣಿಕೆಯೇ ಅಳತೆ. ಹಿಡಿದು ನಡೆಯುವವರ ಜೇಬಿನಲ್ಲಿ ಬೀಗದ ಕೈ, ಮೊಬೈಲ್ ಇರಬಾರದು, ಬೆಲ್ಟಿನ ಕೊಂಡಿಯೂ ಕಬ್ಬಿಣದ್ದಾಗಬಾರದು. ಕಬ್ಬಿಣದ ಕೇಸಿಂಗ್ ಇಳಿಸಿದ ಬೋರ್‌ವೆಲ್ ಹತ್ತಿರ ಬಂದರೆ ಅಳತೆ ಹಾರಿಬೀಳುತ್ತದೆ. ರಾಯಚೂರು ಜಿಲ್ಲೆಯ ಕೆಲವು ಹಳ್ಳಿಗಳಲ್ಲಿ ಬೋರ್‌ವೆಲ್ ಇಲ್ಲದ ಗೆರೆ ಹಿಡಿದು ನಡೆಯುವುದೇ ಕಷ್ಟದ ಕೆಲಸ. ಸೂರ್ಯನ ಪ್ರಭಾವದಿಂದ ಕ್ಷೇತ್ರವೇ ದಿನವಿಡೀ ಏರಿಳಿಯುವುದರಿಂದ ಇನ್ನೊಂದು ಯಂತ್ರವನ್ನು ಒಂದೇ ಜಾಗದಲ್ಲಿ ಇಟ್ಟು ಆ ಏರಿಳಿತವನ್ನು ಬರೆದಿಟ್ಟು ಕಳೆಯಬೇಕು.

ನಿನ್ನ ಪುಸ್ತಕದಲ್ಲಿ ಇರಲಾರದ ಒಂದು ಮಾತು ಹೇಳುತ್ತೇನೆ, ಗಮನವಿಟ್ಟು ಓದು. ಪಠ್ಯಪುಸ್ತಕದ ಚಿತ್ರಗಳಲ್ಲಿ ಕಾಂತಶಿಲೆಯ ಮೇಲೆ ಗ್ರಾಫ್ ಗುಡ್ಡದಂತೆ ಏರಿರುತ್ತದೆ. ಅದು ಕೆನಡಾ, ಸ್ವೀಡನ್ನಿನ ಅಕ್ಷಾಂಶದ ಚಿತ್ರ. ನಮ್ಮಲ್ಲಿ ಭೂಮಿಯ ಕಾಂತರೇಖೆ ನೆಲಕ್ಕೆ ಸುಮಾರು 20 ಡಿಗ್ರಿ ಮಾತ್ರ ಬಾಗಿದೆ, ಆದ್ದರಿಂದ ಶಿಲೆಯ ಮೇಲೆ ಗ್ರಾಫ್ ತಗ್ಗುತ್ತದೆ, ಏರು ಕಾಣುವುದು ಅದರ ದಕ್ಷಿಣಕ್ಕೆ. ಉತ್ತರ ದಕ್ಷಿಣವಾಗಿ ಹಬ್ಬಿದ ಪಟ್ಟಿಯಂತೂ ತುದಿಗಳಲ್ಲಿ ಬಿಟ್ಟರೆ ಬಹಳ ಮಂಕಾಗಿ ಕಾಣುತ್ತದೆ. ಹಟ್ಟಿಯ ರೀಫುಗಳು ಹೆಚ್ಚುಕಡಿಮೆ ಆ ದಿಕ್ಕಿನವೇ. ಹೊರದೇಶದ ನಕ್ಷೆ ನೋಡಿ ಕಲಿತ ಕಣ್ಣಿಗೆ ಕರ್ನಾಟಕದ ನಕ್ಷೆ ಮೋಸ ಮಾಡುತ್ತದೆ. ಆ ಕಣ್ಣನ್ನು ನಮ್ಮ ನೆಲದಲ್ಲೇ ತಿದ್ದಿಕೊಳ್ಳಬೇಕು.

ಗುರುತ್ವ ಸಮೀಕ್ಷೆಯ ಬಗ್ಗೆಯೂ ಓದು. ಗ್ರಾನೈಟ್ ನೀರಿಗಿಂತ 2.65 ಪಟ್ಟು ಭಾರವಿದ್ದರೆ ಚಿನ್ನದ ಪಟ್ಟಿಯ ಕರಿಶಿಲೆ 2.9ರಿಂದ 3 ಪಟ್ಟು. ಆ ವ್ಯತ್ಯಾಸದಿಂದ ಭೂಮಿಯ ಸೆಳೆತ ಕೂದಲೆಳೆಯಷ್ಟು ಹೆಚ್ಚುತ್ತದೆ. ಒಳ್ಳೆಯ ಗ್ರಾವಿಮೀಟರ್ ಆ ಸೆಳೆತದ ಹತ್ತು ಕೋಟಿಯಲ್ಲಿ ಒಂದು ಪಾಲನ್ನು ಹಿಡಿಯಬಲ್ಲದು.

ಓದಲು ಗಣಿತ, ಭೌತಶಾಸ್ತ್ರ ಎರಡನ್ನೂ ಬಿಡಬೇಡ. ಭೂಭೌತಶಾಸ್ತ್ರದ ಎಂ.ಎಸ್ಸಿ. ಹೈದರಾಬಾದಿನ ಉಸ್ಮಾನಿಯಾದಲ್ಲಿದೆ, ಕೊಪ್ಪಳದಿಂದ ರೈಲಿನಲ್ಲಿ ಒಂದು ರಾತ್ರಿಯ ದಾರಿ. ಖರಗ್‌ಪುರ, ಧನಬಾದ್, ರೂರ್ಕಿಯ ಐಐಟಿಗಳಿಗೆ ಪ್ರವೇಶ ಪರೀಕ್ಷೆ ಬರೆದು ಹೋಗಬಹುದು. ಆಮೇಲೆ ಯುಪಿಎಸ್‌ಸಿ ನಡೆಸುವ ಜಿಯೋ-ಸೈಂಟಿಸ್ಟ್ ಪರೀಕ್ಷೆಯಿಂದ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣ ಸಂಸ್ಥೆಗೆ ಸೇರಬಹುದು. ಆ ಸಂಸ್ಥೆಯ ಭೂಕೋಶ ಎಂಬ ಜಾಲತಾಣದಲ್ಲಿ ನಿನ್ನ ಊರಿನ ನಕ್ಷೆಗಳೇ ಸಿಗುತ್ತವೆ, ಈಗಲೇ ತೆರೆದು ನೋಡು. ಹೊಲದ ಕೆಲಸ ಹೆಣ್ಣುಮಕ್ಕಳಿಗೆ ಆಗದು ಎಂದು ಯಾರಾದರೂ ಹೇಳಿದರೆ ನಂಬಬೇಡ. ನಾನು ಕಂಡ ಅತ್ಯಂತ ನಿಖರವಾದ ಅಳತೆ ಪುಸ್ತಕ ಒಬ್ಬ ಹೆಣ್ಣುಮಗಳದ್ದು.

ಕುಷ್ಟಗಿಯಿಂದ: ಬಾವಿ ತೋಡುವಾಗ ಹಳದಿ ಹೊಳೆಯುವ ಕಲ್ಲು ಸಿಕ್ಕಿದೆ. ಚಿನ್ನವೇ?

ಚೂರೊಂದನ್ನು ಸುತ್ತಿಗೆಯಿಂದ ಕುಟ್ಟಿ ನೋಡಿ. ಪುಡಿಯಾಗಿ ಕಪ್ಪು ಬಣ್ಣ ಬಂದರೆ ಪೈರೈಟ್. ತೆಳು ಹಾಳೆಯಾಗಿ ಎದ್ದು ಬಂದರೆ ಅಭ್ರಕ. ಪುಡಿಯಾಗದೆ ಚಪ್ಪಟೆಯಾಗಿ, ಬಣ್ಣ ಹಳದಿಯಾಗಿಯೇ ಉಳಿದರೆ ಮಾತ್ರ ಮುಂದಿನ ಮಾತು. ನೀವು ಕಳಿಸಿದ ಫೋಟೊದಲ್ಲಿ ಚೌಕ ಚೌಕ ಹರಳುಗಳು ಚೆನ್ನಾಗಿ ಕಾಣುತ್ತಿವೆ, ಅದು ಪೈರೈಟ್.

ಬಳ್ಳಾರಿಯಿಂದ: ನಮ್ಮೂರ ಹತ್ತಿರದ ಗುಡ್ಡಸಾಲಿಗೆ ಕಾಪರ್ ಮೌಂಟನ್ ಎನ್ನುತ್ತಾರೆ. ಅಲ್ಲಿ ತೆಗೆಯುವುದು ಕಬ್ಬಿಣ. ಅಡಿಯಲ್ಲಿ ತಾಮ್ರ ಇರಬಹುದೇ? ಯಂತ್ರದಿಂದ ತಿಳಿಯುವುದಿಲ್ಲವೇ?

ಹಿಂದಿನ ಕಾಲದಲ್ಲಿ ಅಲ್ಲಿ ತಾಮ್ರಕ್ಕಾಗಿ ಅಗೆದಿದ್ದರು ಎಂಬ ಮಾತು ಹಳಬರದು. ಇಂದು ಆ ಸಾಲಿನ ಸಂಪತ್ತು ಕಬ್ಬಿಣವೇ. ತಾಮ್ರ ಹುಡುಕುವುದು ಒಂದು ರೀತಿಯಲ್ಲಿ ಚಿನ್ನಕ್ಕಿಂತ ಸುಲಭ. ಶೇಕಡ 1ರ ತಾಮ್ರದ ಅದಿರು ಎಂದರೆ ಟನ್ನಿಗೆ 10 ಕಿಲೋ ತಾಮ್ರ, ಅಷ್ಟಕ್ಕೆ ಚಾಲ್ಕೋಪೈರೈಟ್ ಎಂಬ ತಾಮ್ರದ ಖನಿಜ ಸುಮಾರು 29 ಕಿಲೋ ಇರಬೇಕು. ಅದು ಒಂದಕ್ಕೊಂದು ತಾಗಿಕೊಂಡು ದಟ್ಟವಾಗಿದ್ದರೆ ವಿದ್ಯುತ್ಕಾಂತ ವಿಧಾನದಲ್ಲಿ ಸಿಗುತ್ತದೆ, ಚದುರಿದ್ದರೆ ಐಪಿಯಲ್ಲಿ. ಯಾವ ಕರೆಂಟೂ ಬಿಡದೆ ನೆಲ ತಾನಾಗಿಯೇ ಹುಟ್ಟಿಸುವ ವೋಲ್ಟೇಜನ್ನು ಅಳೆಯುವ ವಿಧಾನವೂ ಇದೆ. ಇಂಗ್ಲೆಂಡಿನ ಕಾರ್ನ್‌ವಾಲ್‌ನ ತಾಮ್ರದ ಗಣಿಯಲ್ಲಿ ರಾಬರ್ಟ್ ಫಾಕ್ಸ್ 1830ರಲ್ಲಿ ಅದನ್ನು ಕಂಡ, ಅದಿರು ಹುಡುಕುವ ವಿದ್ಯುತ್ ವಿಧಾನಗಳಿಗೆಲ್ಲ ಅದೇ ಮೊದಲು. ಆದರೆ ಬಳ್ಳಾರಿ, ಸಂಡೂರಿನ ಗುಡ್ಡಗಳಲ್ಲಿ ಕಬ್ಬಿಣದ ಪಟ್ಟಿಶಿಲೆಯ ಕಾಂತಬಲ ಉಳಿದ ಶಿಲೆಗಳ ಸುದ್ದಿಯನ್ನೆಲ್ಲ ಮುಳುಗಿಸಿಬಿಡುತ್ತದೆ. ಅಲ್ಲಿ ಕಾಂತ ಸಮೀಕ್ಷೆಯನ್ನು ನಂಬಿ ತಾಮ್ರದ ಮಾತಾಡಲಾಗದು. ಕಲ್ಲಿನ ಮೇಲೆ ಹಸಿರು ಕಲೆ ಇದ್ದರೆ ಅದನ್ನು ಭೂವಿಜ್ಞಾನಿಗೆ ತೋರಿಸಿ. ತಾಮ್ರ ಗಾಳಿ ನೀರಿಗೆ ಸಿಕ್ಕಾಗ ಮ್ಯಾಲಕೈಟ್ ಎಂಬ ಹಸಿರಾಗುತ್ತದೆ. ನಮ್ಮ ರಾಜ್ಯದಲ್ಲಿ ತಾಮ್ರದ ಗಣಿ ನಡೆದದ್ದು ಚಿತ್ರದುರ್ಗದ ಇಂಗಳಧಾಳದಲ್ಲಿ.

ಗಂಗಾವತಿ ತಾಲ್ಲೂಕಿನಿಂದ: ಹಾಳುಬಿದ್ದ ಗುಡಿಯ ಬಳಿ ಒಬ್ಬರು ಆಂಟೆನಾ ಇರುವ ಯಂತ್ರ ತಂದು, ಇಪ್ಪತ್ತಡಿ ಕೆಳಗೆ ಚಿನ್ನದ ಕೊಪ್ಪರಿಗೆ ಇದೆ ಎಂದಿದ್ದಾರೆ. ಅಗೆಯಲು ಹಣ ಹಾಕಿ ಎನ್ನುತ್ತಿದ್ದಾರೆ. ಇದು ನಿಮ್ಮ ಸರ್ವೆಯಂಥದ್ದೇ?

ಅಲ್ಲ. ಒಂದು ಪೈಸೆಯನ್ನೂ ಕೊಡಬೇಡಿ. ಕೈಯಲ್ಲಿ ಹಿಡಿದಾಗ ಚಿನ್ನದ ಕಡೆ ತಾನೇ ತಿರುಗುವ ಆಂಟೆನಾದ ಹಿಂದೆ ಯಾವ ಭೌತಶಾಸ್ತ್ರವೂ ಇಲ್ಲ, ಅದನ್ನು ತಿರುಗಿಸುವುದು ಹಿಡಿದವರ ಮಣಿಕಟ್ಟು. ನಿಜವಾದ ಮೆಟಲ್ ಡಿಟೆಕ್ಟರ್ ನಾಣ್ಯವನ್ನು ಹಿಡಿಯುವುದು ಒಂದಡಿಯ ಆಸುಪಾಸಿನ ಆಳದಲ್ಲಿ. ಅದಕ್ಕೆ ಚಿನ್ನವೂ ಹಳೆಯ ಕುಡಗೋಲಿನ ತುಂಡೂ ಬೇರೆಯೆಂದು ಖಚಿತವಾಗಿ ಗೊತ್ತಾಗುವುದಿಲ್ಲ.

2019ರ ಜುಲೈನಲ್ಲಿ ಆನೆಗುಂದಿಯ ನವಬೃಂದಾವನದಲ್ಲಿ ವ್ಯಾಸರಾಜರ ಬೃಂದಾವನವನ್ನು ನಿಧಿಯ ಆಸೆಗೆ ಒಡೆದು ಕೆಡವಿದ್ದು ನಿಮ್ಮ ತಾಲ್ಲೂಕಿನಲ್ಲೇ. ನನಗೆ ಅದನ್ನು ನೆನೆದರೆ ಈಗಲೂ ಹೊಟ್ಟೆಯಲ್ಲಿ ಸಂಕಟವಾಗುತ್ತದೆ. ನೆಲದಲ್ಲಿ ನಿಧಿ ಸಿಕ್ಕರೆ ಜಿಲ್ಲಾಧಿಕಾರಿಗೆ ತಿಳಿಸಲೇಬೇಕು ಎಂದು ಕಾಯ್ದೆಯೇ ಹೇಳುತ್ತದೆ. ರಕ್ಷಿತ ಸ್ಮಾರಕದ ಬಳಿ ಅಗೆದರೆ ಜೈಲು. ಆ ವ್ಯಕ್ತಿ ಮತ್ತೆ ಬಂದರೆ ಪೊಲೀಸರಿಗೆ ತಿಳಿಸಿ.

ಸಿರುಗುಪ್ಪದಿಂದ: ಪುಟ್ಟ ವಿಮಾನವೊಂದು ಭತ್ತದ ಗದ್ದೆಯ ಮೇಲೆ ಬಹಳ ಕೆಳಗೆ ಹೋಗಿ ಬಂದು ಮಾಡುತ್ತಿತ್ತು. ಅದೂ ಚಿನ್ನಕ್ಕೇ?

ವೈಮಾನಿಕ ಸಮೀಕ್ಷೆ ಇರಬೇಕು. ದೇಶದ ಖನಿಜ ಸಾಧ್ಯತೆಯ ಪ್ರದೇಶಗಳನ್ನು ಹೀಗೆ ಅಳೆಯುವ ಕಾರ್ಯಕ್ರಮ 2017ರಲ್ಲಿ ಶುರುವಾಯಿತು. ನೆಲದಿಂದ 80 ಮೀಟರ್ ಎತ್ತರದಲ್ಲಿ, 300 ಮೀಟರ್‌ಗೆ ಒಂದು ಗೆರೆಯಂತೆ ಹಾರುತ್ತ ಕಾಂತಕ್ಷೇತ್ರವನ್ನೂ ಮಣ್ಣಿನ ಸಹಜ ವಿಕಿರಣವನ್ನೂ ಬರೆದುಕೊಳ್ಳುತ್ತಾರೆ. ಏನನ್ನೂ ಸಿಂಪಡಿಸುವುದಿಲ್ಲ, ಪೈರಿಗೂ ದನಕ್ಕೂ ತೊಂದರೆಯಿಲ್ಲ. ಯಾವುದೋ ಒಂದು ಗದ್ದೆಗಾಗಿ ಬಂದದ್ದೂ ಅಲ್ಲ.

ದೇವದುರ್ಗ ತಾಲ್ಲೂಕಿನ ಮಹಿಳೆಯೊಬ್ಬರು: ಅಕಸ್ಮಾತ್ ನಮ್ಮ ಭೂಮಿಯಲ್ಲಿ ಚಿನ್ನ ಇದೆ ಎಂದೇ ಆದರೆ ನಮಗೇನು ಸಿಗುತ್ತದೆ? ನಮ್ಮ ನೀರು, ನಮ್ಮ ಮಕ್ಕಳ ಗತಿ ಏನು?

ಅಕ್ಕಾ, ಬಂದ ಪತ್ರಗಳಲ್ಲಿ ನಾನು ಹೆಚ್ಚು ಹೊತ್ತು ಕೈಯಲ್ಲಿ ಹಿಡಿದು ಕೂತದ್ದು ನಿಮ್ಮದನ್ನು. ಪಟ್ಟಾ ನಿಮ್ಮ ಹೆಸರಿನಲ್ಲಿದ್ದರೂ ಗಣಿ ಮಾಡುವ ಪರವಾನಗಿ ಅದರಿಂದ ಬರುವುದಿಲ್ಲ. 1957ರ ಗಣಿ ಮತ್ತು ಖನಿಜ ಕಾಯ್ದೆಯ ಪ್ರಕಾರ ಲೈಸೆನ್ಸು, ಗುತ್ತಿಗೆ ಇಲ್ಲದೆ ಯಾರೂ ತೆಗೆಯುವಂತಿಲ್ಲ. 2015ರ ತಿದ್ದುಪಡಿಯ ನಂತರ ಗುತ್ತಿಗೆ ಕೊಡುವುದು ಹರಾಜಿನಲ್ಲಿ. ಚಿನ್ನ, ತಾಮ್ರದಂಥ ಆಳದ ಖನಿಜಗಳ ಹುಡುಕಾಟಕ್ಕೇ ಖಾಸಗಿಯವರಿಗೆ ಲೈಸೆನ್ಸು ಕೊಡುವ ದಾರಿಯನ್ನು 2023ರ ತಿದ್ದುಪಡಿ ತೆರೆಯಿತು. ಹಾಗಾಗಿ ಮುಂದಿನ ವರ್ಷಗಳಲ್ಲಿ ನಿಮ್ಮ ಕಡೆ ಇನ್ನಷ್ಟು ತಂಡಗಳು ಬರಬಹುದು.

ನಿಮಗಿರುವ ಹಕ್ಕು ಹೀಗೆ. ಪರವಾನಗಿ ಪಡೆದವರು ಭೂಮಿಗೆ ಇಳಿಯಬಹುದು, ಆದರೆ ನಿಮ್ಮ ಒಪ್ಪಿಗೆ ಇಲ್ಲದೆ ಮನೆಯೊಳಗೂ ಮನೆಗೆ ಸೇರಿದ ಅಂಗಳ, ಕೈತೋಟಕ್ಕೂ ಬರಬೇಕೆಂದರೆ ಕನಿಷ್ಠ ಏಳು ದಿನ ಮೊದಲು ಬರವಣಿಗೆಯಲ್ಲಿ ತಿಳಿಸಬೇಕು. ಬೆಳೆಗೆ, ನೆಲಕ್ಕೆ ಆದ ನಷ್ಟವನ್ನು ಅವರೇ ತುಂಬಿಕೊಡಬೇಕು. ತಂಡ ಬಂದ ದಿನ ಗುರುತಿನ ಚೀಟಿ, ಪರವಾನಗಿ ಪತ್ರ ಕೇಳಿ ಫೋಟೊ ತೆಗೆದಿಟ್ಟುಕೊಳ್ಳಿ, ತುಳಿದ ಬೆಳೆಯದ್ದೂ. ಗಣಿ ಬಂದರೆ ರಾಯಧನದ ಜೊತೆ ಜಿಲ್ಲಾ ಖನಿಜ ಪ್ರತಿಷ್ಠಾನಕ್ಕೂ ಹಣ ಕಟ್ಟಬೇಕು. ಆ ಹಣ ಗಣಿಯಿಂದ ತೊಂದರೆಗೊಳಗಾದ ಊರುಗಳ ಕುಡಿಯುವ ನೀರು, ಆರೋಗ್ಯ, ಶಾಲೆಗೆ ಹೋಗಬೇಕಾದದ್ದು. ಗ್ರಾಮಸಭೆಯಲ್ಲಿ ಕೂತು ಅದನ್ನು ಕೇಳುವುದು ನಿಮ್ಮ ಅಧಿಕಾರ, ದಯವಿಟ್ಟು ಗಂಡಸರಿಗೆ ಮಾತ್ರ ಬಿಡಬೇಡಿ.

ನೀರಿನ ವಿಷಯದಲ್ಲಿ ನಾನು ಒತ್ತಿ ಹೇಳುವುದು ಬೇರೆ. ಚಿನ್ನದ ಜೊತೆಗಾರ ಆರ್ಸೆನೋಪೈರೈಟ್ ಎಂದೆನಲ್ಲ, ಅದರಲ್ಲಿ ಆರ್ಸೆನಿಕ್ ಇದೆ. ಗಣಿ ಇರಲಿ ಬಿಡಲಿ, ಅಂಥ ಕಲ್ಲಿನ ಸಂದಿಯ ನೀರಿಗೆ ಅದು ಇಳಿಯಬಹುದು. ನಿಮ್ಮಿಂದ ಕೃಷ್ಣೆಯ ಆಚೆ, ಯಾದಗಿರಿ ಜಿಲ್ಲೆಯ ಕಿರದಳ್ಳಿ ತಾಂಡಾದಲ್ಲಿ ಕೊಳವೆಬಾವಿಯ ನೀರಿನ ಆರ್ಸೆನಿಕ್ಕಿನಿಂದ ಜನ ಚರ್ಮದ ಕಾಯಿಲೆಗೆ, ಅದಕ್ಕಿಂತ ಕೆಟ್ಟದ್ದಕ್ಕೆ ತುತ್ತಾದರು. ಬಣ್ಣ, ರುಚಿ, ವಾಸನೆಯಿಂದ ಇದು ಗೊತ್ತಾಗುವುದಿಲ್ಲ, ಕುದಿಸಿದರೂ ಹೋಗುವುದಿಲ್ಲ. ಕುಡಿಯುವ ನೀರಿನಲ್ಲಿ ಲೀಟರಿಗೆ 0.01 ಮಿಲಿಗ್ರಾಂ ಮೀರಬಾರದು. ಹೀಗಾಗಿ ಡ್ರಿಲ್ಲಿಂಗ್ ಯಂತ್ರ ಬರುವವರೆಗೆ ಕಾಯದೆ, ಈ ಬೇಸಿಗೆಯಲ್ಲೇ ಗ್ರಾಮ ಪಂಚಾಯಿತಿಯವರಿಂದ ನಿಮ್ಮ ಕುಡಿಯುವ ಬೋರ್‌ವೆಲ್‌ಗಳ ಮಾದರಿಯನ್ನು ಜಿಲ್ಲಾ ನೀರು ಪರೀಕ್ಷಾ ಪ್ರಯೋಗಾಲಯಕ್ಕೆ ಕಳಿಸಿ. ಅರ್ಜಿಯಲ್ಲಿ ಫ್ಲೋರೈಡ್ ಜೊತೆ ಆರ್ಸೆನಿಕ್ ಎಂದೂ ಹೆಸರಿಸಿ ಬರೆಯಿರಿ, ಕೇಳದಿದ್ದರೆ ಅದನ್ನು ನೋಡದೆ ಬಿಡಬಹುದು. ಪ್ರತಿ ಬೋರಿನ ನೀರಿನ ಮಟ್ಟವನ್ನೂ ಬರೆಸಿ. ವರದಿ ಬಂದಾಗ ಅದರ ಮೇಲೆ ತಾರೀಖು, ಬೋರ್‌ವೆಲ್ ಇರುವ ಜಾಗ ಸ್ಪಷ್ಟವಾಗಿದೆಯೇ ನೋಡಿ, ಒಂದು ಪ್ರತಿ ಪಂಚಾಯಿತಿಯಲ್ಲಿ, ಒಂದು ಪ್ರತಿ ನಿಮ್ಮ ಸಂಘದ ಪುಸ್ತಕದಲ್ಲಿ ಇರಲಿ. ಆರ್ಸೆನಿಕ್ ಮಿತಿ ಮೀರಿದ್ದು ಕಂಡರೆ ಆ ಬೋರಿನ ನೀರನ್ನು ಅಂದೇ ಕುಡಿಯುವುದಕ್ಕೂ ಅಡುಗೆಗೂ ನಿಲ್ಲಿಸಿ. ವರದಿಯ ಒಂದು ಪ್ರತಿ ನನಗೂ ಕಳಿಸಿ, ನಾನು ಓದಿ ಉತ್ತರ ಬರೆಯುತ್ತೇನೆ.